ವಿಕಲಚೇತನರ ವಸತಿಗೃಹದ ಮ್ಯಾನೇಜರ್ ಏನೇನು ಗಮನಿಸಬೇಕು?

ವಿಕಲಚೇತನರ ವಸತಿಗೃಹ ನಡೆಸುವ ಟ್ರಸ್ಟ್‌ಗಳು ಮ್ಯಾನೇಜರ್ ಬೇಕೆಂದು ಕೊಡುವ ಜಾಹೀರಾತುಗಳನ್ನು ನೀವು ನೋಡಿರಬಹುದು. ಬಿ.ಕಾಂ. ಆಗಿರಬೇಕು, ಟ್ಯಾಲಿ ಗೊತ್ತಿರಬೇಕು, ಬೈಕ್ ಲೈಸೆನ್ಸ್ ಇರಬೇಕು, ಕೇಂದ್ರದಲ್ಲೇ ತಂಗುವವರಿಗೆ ಆದ್ಯತೆ. ಸೇರಿದವರೂ ಮೊದಲ ತಿಂಗಳು ಅದನ್ನೇ ಮಾಡುತ್ತಾರೆ. ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರ್, ದಾನಿಗಳಿಗೆ ರಶೀದಿ, ಕಮಿಟಿಗೆ ವರದಿ. ಆಮೇಲೊಂದು ರಾತ್ರಿ ಎರಡು ಗಂಟೆಗೆ ಆಯಾ ಬಂದು ಬಾಗಿಲು ತಟ್ಟುತ್ತಾಳೆ. ಒಬ್ಬ ನಿವಾಸಿ ಮಧ್ಯಾಹ್ನದಿಂದ ಏನೂ ತಿಂದಿಲ್ಲ, ವಾಂತಿ ಮಾಡುತ್ತಿದ್ದಾನೆ, ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡಿದೆ. ಆಸ್ಪತ್ರೆಗೆ ಕೊಂಡೊಯ್ದರೆ ವೈದ್ಯರು ಕೇಳುವ ಮೊದಲ ಪ್ರಶ್ನೆ, ಇವನಿಗೆ ಕೊನೆಯ ಬಾರಿ ಮಲವಿಸರ್ಜನೆ ಆದದ್ದು ಯಾವಾಗ? ಯಾರ ಬಳಿಯೂ ಉತ್ತರವಿರುವುದಿಲ್ಲ. ಮೂವತ್ತು ಸಿಲಿಂಡರ್‌ಗಳ ಲೆಕ್ಕ ತಪ್ಪದೆ ಇರುತ್ತದೆ.

ಇಂಥ ಕೆಲಸಕ್ಕೆ ಸೇರಿದ, ಸೇರಬೇಕೆಂದಿರುವ ಯುವಕ ಯುವತಿಯರು ಈ ಪತ್ರಿಕೆಯ ಓದುಗರಲ್ಲಿದ್ದಾರೆ. ಕಮಿಟಿಯಲ್ಲಿ ಕೂತು ಮ್ಯಾನೇಜರನ್ನು ನೇಮಿಸುವ ಹಿರಿಯರಿದ್ದಾರೆ. ಮಗನನ್ನೋ ತಂಗಿಯನ್ನೋ ಇಂಥ ಕಡೆ ಬಿಡಬೇಕಾಗಿ ಬಂದು ನಿದ್ದೆಗೆಟ್ಟವರೂ ಇದ್ದಾರೆ. ಮೂವರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಯುನಾನಿ ವೈದ್ಯ. ಕೆಲವು ವರ್ಷಗಳಿಂದ ವಾರಕ್ಕೊಮ್ಮೆ ಒಂದು ವಸತಿಗೃಹಕ್ಕೆ ಹೋಗಿ ಬರುತ್ತಿದ್ದೇನೆ. ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ವಯಸ್ಕರು ಅಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಮಾತಿಲ್ಲ. ತನಗೆ ನೋವಾಗುತ್ತಿದೆ ಎಂದು ಹೇಳಲಾಗದವರ ಜೀವ, ಅದನ್ನು ಇನ್ನೊಬ್ಬರು ಗಮನಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಆ ಗಮನ ದಿನವೂ, ಎಲ್ಲ ಪಾಳಿಯಲ್ಲೂ ಇರುವಂತೆ ನೋಡಿಕೊಳ್ಳುವುದೇ ಮ್ಯಾನೇಜರ್‌ನ ಮೊದಲ ಕೆಲಸ. ದಿನಸಿ ಲೆಕ್ಕ ಅದರ ನಂತರದ್ದು.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಹೆಚ್ಚಿನವರು ಇರುವುದು ಮನೆಯಲ್ಲೇ, ಸಾಧ್ಯವಿರುವ ತನಕ ಇರಬೇಕಾದದ್ದೂ ಅಲ್ಲೇ. ಆದರೆ ತಾಯಿಗೆ ಎಪ್ಪತ್ತಾಗುವ ಹೊತ್ತಿಗೆ, ಎತ್ತಿ ಸ್ನಾನ ಮಾಡಿಸಬೇಕಾದ ಮಗನಿಗೆ ನಲ್ವತ್ತಾಗಿರುತ್ತದೆ. ದಕ್ಷಿಣ ಕನ್ನಡದ ಎಂಡೋಸಲ್ಫಾನ್ ಪೀಡಿತ ಗ್ರಾಮಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಕ್ಕಡ, ಕೊಯಿಲಗಳ ಹಗಲು ಪಾಲನಾ ಕೇಂದ್ರಗಳಿಂದ ಸಂಜೆ ಮಗ ಮನೆಗೆ ಬರುತ್ತಾನೆ, ಎತ್ತಿಕೊಳ್ಳಲು ತಾಯಿಗೆ ಕೈಲಾಗುವುದಿಲ್ಲ. ತಮ್ಮ ನಂತರ ಯಾರು ಎಂದು ಕೇಳುತ್ತ ಅಲ್ಲಿನ ಪಾಲಕರು ಶಾಶ್ವತ ವಸತಿ ಕೇಂದ್ರಕ್ಕಾಗಿ ಒತ್ತಾಯಿಸುತ್ತಲೇ ಬಂದಿದ್ದಾರೆ. ವಸತಿಗೃಹ ಬೇಕು. ಅದನ್ನು ನಡೆಸುವ ಬಗೆ ಗೊತ್ತಿರಬೇಕು.

ಹಠವಲ್ಲ, ನೋವು

ನಾನು ಹೋಗುವ ಕೇಂದ್ರದಲ್ಲಿ ಮೂವತ್ತರ ಆಸುಪಾಸಿನ ಒಬ್ಬರಿದ್ದಾರೆ. ಮಾತಿಲ್ಲ, ಸ್ವಭಾವ ಶಾಂತ. ಒಮ್ಮೆ ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಚಚ್ಚತೊಡಗಿದರು. ಊಟದ ತಟ್ಟೆ ಎಸೆದರು, ಹತ್ತಿರ ಹೋದವರನ್ನು ಕಚ್ಚಿದರು. ನಿದ್ದೆ ಮಾತ್ರೆಯ ಡೋಸ್ ಹೆಚ್ಚಿಸಬೇಕೆಂಬ ಮಾತು ಬಂತು. ಅಲ್ಲಿನ ಮ್ಯಾನೇಜರ್ ಮಹಿಳೆ ಒಂದು ದಿನ ತಡೆಯಿರಿ ಎಂದರು. ಊಟದ ಹೊತ್ತು ಎದುರಿಗೆ ಕೂತು ನೋಡಿದರು. ಬಿಸಿ ಸಾರು ತಾಗಿದ ಕೂಡಲೇ ಎಡಗೆನ್ನೆಗೆ ಕೈ ಹೋಗುತ್ತಿತ್ತು. ದಂತವೈದ್ಯರು ನೋಡಿದಾಗ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತ ಮೂರನೇ ದಿನ ಅವರು ಮೊದಲಿನಂತಾದರು.

ಇಂಥ ಕಡೆ ನೀವು ಕೆಲಸ ಮಾಡುವುದಾದರೆ ಒಂದು ರೂಢಿ ಬೆಳೆಸಿಕೊಳ್ಳಿ. ಯಾರದೇ ವರ್ತನೆ ಹಠಾತ್ತನೆ ಬದಲಾದರೆ, ಹಠ ಎಂದೋ ಜಿನ್ನ್ ತಾಗಿದೆ ಎಂದೋ ಹೇಳುವ ಮೊದಲು ಹಲ್ಲು ನೋಡಿ, ಕಿವಿ ನೋಡಿ, ಹೊಟ್ಟೆ ಮುಟ್ಟಿ ನೋಡಿ, ಮೂತ್ರಕ್ಕೆ ಹೋಗುವಾಗ ಮುಖ ಹಿಂಡುತ್ತಾರೋ ಗಮನಿಸಿ, ಚಪ್ಪಲಿಯೊಳಗೆ ಕಾಲಿನ ಬೆರಳು ನೋಡಿ. ಸ್ತ್ರೀಯರಾದರೆ ಮುಟ್ಟಿನ ದಿನ ಲೆಕ್ಕ ಹಾಕಿ. ಸದಾ ಗಲಾಟೆ ಮಾಡುವವರು ಮೂಲೆ ಹಿಡಿದು ಸುಮ್ಮನಾದರೂ ಅದು ಅಷ್ಟೇ ಮುಖ್ಯ. ಗಲಾಟೆ ನಿಂತಿತಲ್ಲ ಎಂದು ಸಿಬ್ಬಂದಿ ನೆಮ್ಮದಿಪಡುವ ಅಪಾಯ ಇಲ್ಲಿದೆ. ವೈದ್ಯರಲ್ಲೂ ಇದೇ ದೋಷವಿದೆ. ಬುದ್ಧಿಮಾಂದ್ಯ ಎಂಬ ಪದ ಚೀಟಿಯಲ್ಲಿ ಕಂಡ ಕೂಡಲೇ ಉಳಿದೆಲ್ಲ ಲಕ್ಷಣವನ್ನು ಅದರ ಖಾತೆಗೇ ಹಾಕಿಬಿಡುತ್ತಾರೆ. ಆಗ "ಇವರು ಎಂದಿನಂತಿಲ್ಲ ಡಾಕ್ಟರೇ, ಈ ಬದಲಾವಣೆ ನಾಲ್ಕು ದಿನದಿಂದ" ಎಂದು ನಿಂತು ಹೇಳಬೇಕಾದವರು ನೀವು. ಹಾಗೆ ಹೇಳಬೇಕಾದರೆ ಎಂದಿನಂತೆ ಇರುವುದು ಹೇಗೆ ಎಂಬುದು ನಿಮ್ಮಲ್ಲಿ ಬರೆದಿರಬೇಕು.

ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಪುಟ. ಆರೋಗ್ಯವಾಗಿರುವಾಗ ಹೇಗೆ ಮಲಗುತ್ತಾರೆ, ಎಷ್ಟು ತಿನ್ನುತ್ತಾರೆ, ಸಂತೋಷವಾದರೆ ಏನು ಮಾಡುತ್ತಾರೆ, ನೋವಾದರೆ ಯಾವ ಸದ್ದು ಮಾಡುತ್ತಾರೆ. ತಾಯಿಯನ್ನು ಕೇಳಿ ಬರೆದುಕೊಳ್ಳಿ. ಸೇರಿಸಲು ಬಂದ ದಿನ ಆಧಾರ್ ಪ್ರತಿ, ಫೋಟೋ, ಶುಲ್ಕ ಎಂದು ಗಡಿಬಿಡಿಯಲ್ಲಿ ತಾಯಿಯನ್ನು ಕಳಿಸಿಬಿಟ್ಟರೆ ಮೂವತ್ತು ವರ್ಷದ ತಿಳಿವಳಿಕೆ ಅವಳ ಜೊತೆಗೇ ಬಸ್ ಹತ್ತಿ ಹೋಗುತ್ತದೆ.

ಆರು ಸಂಗತಿಗಳು

ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಝರೂರಿಯಾ ಎಂದಿದೆ. ಆರೋಗ್ಯ ನಿಂತಿರುವ ಆರು ಅನಿವಾರ್ಯ ಸಂಗತಿಗಳು ಎಂದರ್ಥ. ಗಾಳಿ, ಅನ್ನ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು ಮತ್ತು ಹೋಗಬೇಕಾದದ್ದು ಹೋಗುವುದು. ನಮ್ಮ ನಿಮ್ಮ ಮಟ್ಟಿಗೆ ಈ ಆರೂ ನಮ್ಮ ಕೈಯಲ್ಲೇ ಇವೆ. ಸೆಖೆಯಾದರೆ ಕಿಟಕಿ ತೆರೆಯುತ್ತೇವೆ, ಬಾಯಾರಿದರೆ ನೀರು ಕುಡಿಯುತ್ತೇವೆ. ವಸತಿಗೃಹದ ನಿವಾಸಿಗೆ ಆರೂ ಇನ್ನೊಬ್ಬರ ಕೈಯಲ್ಲಿವೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪಟ್ಟಿ ಮ್ಯಾನೇಜರ್‌ನ ದಿನಚರಿ ಪುಸ್ತಕಕ್ಕೆ ಇಷ್ಟು ಚೆನ್ನಾಗಿ ಹೊಂದುತ್ತದೆಂದು ನನಗೆ ಹೊಳೆದದ್ದು ಅಲ್ಲಿಗೆ ಹೋಗತೊಡಗಿದ ಮೇಲೆ.

ಕೊನೆಯದರಿಂದಲೇ ಆರಂಭಿಸೋಣ, ಏಕೆಂದರೆ ಮಾತಾಡಲು ಎಲ್ಲರೂ ನಾಚುವುದು ಅದರ ಬಗ್ಗೆಯೇ. ನಡೆದಾಡದವರಿಗೆ, ಕಡಿಮೆ ನೀರು ಕುಡಿಯುವವರಿಗೆ, ಫಿಟ್ಸ್ ಮತ್ತು ಮನೋರೋಗದ ಮಾತ್ರೆ ತಿನ್ನುವವರಿಗೆ ಮಲಬದ್ಧತೆ ಬಹಳ ಸಾಮಾನ್ಯ. ಬೌದ್ಧಿಕ ಅಂಗವೈಕಲ್ಯ ಉಳ್ಳವರಲ್ಲಿ ತಡೆಯಬಹುದಾದ ಸಾವುಗಳಿಗೆ ಕಾರಣವಾಗುವವು ಯಾವುವು ಗೊತ್ತೇ? ಆಹಾರ ಶ್ವಾಸಕೋಶಕ್ಕೆ ಹೋಗಿ ಬರುವ ನ್ಯುಮೋನಿಯಾ, ಕರುಳು ಕಟ್ಟುವುದು, ನಿರ್ಜಲೀಕರಣ, ಫಿಟ್ಸ್, ಸೋಂಕು ರಕ್ತಕ್ಕೇರುವುದು. ಅಪರೂಪದ ಕಾಯಿಲೆ ಒಂದೂ ಇಲ್ಲ. ಒಂದು ಲೋಟ ನೀರು, ಒಂದು ಪುಸ್ತಕದ ಗೆರೆ, ಎದ್ದು ಕೂರಿಸಿ ತಿನ್ನಿಸುವ ತಾಳ್ಮೆ, ಇಷ್ಟರಿಂದಲೇ ಇವುಗಳಲ್ಲಿ ಹಲವನ್ನು ತಡೆಯಬಹುದು.

ಶೌಚಾಲಯದ ಬಾಗಿಲ ಬಳಿ ಒಂದು ಹಾಳೆ ತೂಗುಹಾಕಿ. ಹೆಸರು, ದಿನಾಂಕ, ಆಯಿತೇ, ಗಟ್ಟಿಯೇ ನೀರೇ. ಆಯಾ ಓದು ಬಾರದವಳಾದರೆ ಗುಂಡು ಗುರುತು ಹಾಕಿದರೆ ಸಾಕು. ಮೂರು ದಿನ ಖಾಲಿ ಇದ್ದರೆ ವೈದ್ಯರಿಗೆ ಫೋನ್. ಹೊಟ್ಟೆ ಉಬ್ಬರ, ವಾಂತಿ, ಜ್ವರ ಜೊತೆಗಿದ್ದರೆ ಮೂರು ದಿನ ಕಾಯದೆ ಆಗಲೇ ಆಸ್ಪತ್ರೆ. ಇನ್ನೊಂದು ಮೋಸದ ಲಕ್ಷಣವಿದೆ. ಹಲವು ದಿನ ಕಟ್ಟಿದ್ದವರಿಗೆ ಸ್ವಲ್ಪ ಸ್ವಲ್ಪ ನೀರಾಗಿ ಸೋರತೊಡಗುತ್ತದೆ. ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟುಬಿಡುತ್ತಾರೆ. ಗಟ್ಟಿ ಮಲದ ಪಕ್ಕದಿಂದ ನೀರು ಸೋರುವುದು ಅದು. ಹಾಳೆ ಇದ್ದರೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಇಲ್ಲಿ ನನ್ನದೇ ಪದ್ಧತಿಯ ಬಗ್ಗೆ ಒಂದು ಎಚ್ಚರಿಕೆ. ಮಲಬದ್ಧತೆಗೆ ಇಸಬ್ಗೋಲ್ ಕೊಡಿ ಎಂದು ಯುನಾನಿ ವೈದ್ಯರೂ ಹೇಳುತ್ತಾರೆ, ಅಜ್ಜಿಯರೂ ಹೇಳುತ್ತಾರೆ. ಒಳ್ಳೆಯ ಔಷಧವೇ. ಆದರೆ ಅದು ನೀರು ಹೀರಿ ಉಬ್ಬುವ ವಸ್ತು. ನುಂಗಲು ಕಷ್ಟವಿರುವವರ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಲ್ಲದು. ಸಾಕಷ್ಟು ನೀರು ಕುಡಿಯದವರ ಕರುಳಲ್ಲಿ ಗಟ್ಟಿಯಾಗಿ ಇನ್ನಷ್ಟು ಕಟ್ಟಿಬಿಡಬಹುದು. ಹಾಸಿಗೆ ಹಿಡಿದವರಿಗೆ, ನುಂಗುವಾಗ ಕೆಮ್ಮುವವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ನೆನೆಸಿ ಅರೆದ ಅಂಜೂರ, ಪಪ್ಪಾಯಿ, ಬಸಳೆ ಸಾರು, ಗಂಟೆಗೊಮ್ಮೆ ನೆನಪಿಟ್ಟು ಕುಡಿಸಿದ ನೀರು, ಊಟವಾದ ಮೇಲೆ ಹತ್ತು ನಿಮಿಷ ಶೌಚಾಲಯದಲ್ಲಿ ಕೂರಿಸುವ ಅಭ್ಯಾಸ, ಇವು ಹೆಚ್ಚಿನವರಿಗೆ ಸರಿಹೋಗುತ್ತವೆ.

ಬಿರಿಯಾನಿ ತರುವ ದಾನಿಗಳು

ಊಟದ ವಿಷಯಕ್ಕೆ ಬಂದರೆ ಮ್ಯಾನೇಜರ್‌ಗೆ ಅತ್ಯಂತ ಕಷ್ಟದ ಕೆಲಸ ದಾನಿಗಳಿಗೆ ಬೇಡ ಎನ್ನುವುದು. ನಮ್ಮ ಸಮುದಾಯದಲ್ಲಿ ಕೊಡುವ ಕೈಗೆ ಬರವಿಲ್ಲ. ರಮಝಾನ್ ಬಂದರೆ, ಮದುವೆಯಾದರೆ, ಮಗು ಹುಟ್ಟಿದರೆ ವಸತಿಗೃಹಕ್ಕೆ ಡೇಗೆ ಬರುತ್ತದೆ. ಬಂದವರು ತಮ್ಮ ಕೈಯಾರೆ ತಿನ್ನಿಸಬೇಕೆನ್ನುತ್ತಾರೆ, ಮಕ್ಕಳ ಕೈಯಲ್ಲೂ ತಿನ್ನಿಸುತ್ತಾರೆ. ಪ್ರೀತಿಯೇ. ಆದರೆ ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಅನೇಕರಿಗೆ ಅಗಿಯುವ, ನುಂಗುವ ಸ್ನಾಯುಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂಳೆಯಿರುವ ಮಾಂಸದ ತುಂಡು, ಬೀಜ ತೆಗೆಯದ ಖರ್ಜೂರ, ಇಡೀ ದ್ರಾಕ್ಷಿ, ಒಣ ಪರೋಟ, ಯಾವುದಾದರೂ ಒಂದು ಸಾಕು. ಕೆಲವೊಮ್ಮೆ ಗಂಟಲಿಗೆ ಸಿಕ್ಕಿಕೊಳ್ಳುವುದೇ ಇಲ್ಲ, ಸದ್ದಿಲ್ಲದೆ ಶ್ವಾಸನಾಳಕ್ಕೆ ಜಾರುತ್ತದೆ. ಎರಡು ದಿನ ಬಿಟ್ಟು ಜ್ವರ ಬರುತ್ತದೆ. ಆ ಹೊತ್ತಿಗೆ ದಾನಿ ಮನೆಯಲ್ಲಿರುತ್ತಾರೆ, ಬಿರಿಯಾನಿಗೂ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಊಟದಲ್ಲಿ ಪದೇ ಪದೇ ಕೆಮ್ಮುವವರು, ತಿಂದ ಮೇಲೆ ಸ್ವರ ಗೊರಗೊರ ಎನ್ನುವವರು, ಆಗಾಗ ಎದೆಯ ಸೋಂಕು ಬರುವವರು, ತೂಕ ಇಳಿಯುತ್ತಿರುವವರು ಯಾರು ಎಂದು ಪಟ್ಟಿ ಮಾಡಿ. ನುಂಗುವುದನ್ನು ಪರೀಕ್ಷಿಸುವ ತಜ್ಞರಿದ್ದಾರೆ, ಸ್ಪೀಚ್ ಥೆರಪಿಸ್ಟ್‌ಗಳು. ಮಾತು ಕಲಿಸುವವರೆಂದಷ್ಟೇ ಅವರನ್ನು ನಾವು ತಿಳಿದಿದ್ದೇವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತಜ್ಞರು ಸಿಗುತ್ತಾರೆ, ದೊಡ್ಡ ಮೆಡಿಕಲ್ ಕಾಲೇಜುಗಳಲ್ಲೂ ಇರುತ್ತಾರೆ. ಯಾರಿಗೆ ಅರೆದದ್ದು, ಯಾರಿಗೆ ಮೆತ್ತನೆಯದು, ಯಾರಿಗೆ ನೀರನ್ನೂ ಸ್ವಲ್ಪ ದಪ್ಪ ಮಾಡಿ ಕೊಡಬೇಕು ಎಂದು ಅವರು ಹೇಳಿದ್ದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮಲಗಿಸಿ ತಿನ್ನಿಸುವುದು ಎಂದಿಗೂ ಬೇಡ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ, ತಿನ್ನಿಸುವವರು ನಿಂತುಕೊಳ್ಳದೆ ಎದುರಿಗೆ ಕೂತುಕೊಳ್ಳಲಿ, ಬಾಯಿ ಖಾಲಿಯಾದ ಮೇಲೆ ಮುಂದಿನ ತುತ್ತು. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂತೇ ಇರಲಿ.

ಗಂಟಲಿಗೆ ಸಿಕ್ಕಿಕೊಂಡಿತೆಂದರೆ, ಕೆಮ್ಮಲು ಆಗುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಇಲ್ಲ, ಸದ್ದೂ ಇಲ್ಲ, ಮುಖ ಕಪ್ಪಿಡುತ್ತಿದೆ ಎಂದಾದರೆ ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೆಯಿರಿ. ಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಒಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕಬೇಡಿ. ಇದನ್ನು ಓದಿದರೆ ಸಾಲದು. ಅಡುಗೆಯವರೂ ಸೇರಿ ಎಲ್ಲ ಸಿಬ್ಬಂದಿಗೆ ವರ್ಷಕ್ಕೆರಡು ಸಲ ಕಲಿಸಿ ಅಭ್ಯಾಸ ಮಾಡಿಸಬೇಕು.

ದಾನಿಗಳಿಗೆ ಏನು ಹೇಳುವುದು? "ನಿಮ್ಮ ಡೇಗೆ ಸಿಬ್ಬಂದಿಗೂ ತಿನ್ನಬಲ್ಲವರಿಗೂ ಬಡಿಸುತ್ತೇವೆ, ಉಳಿದವರಿಗೆ ಅವರ ಊಟವಿದೆ. ಮುಂದಿನ ಸಲ ಡಯಾಪರ್, ಗಾಲಿಕುರ್ಚಿಯ ದುರಸ್ತಿ, ಒಂದು ತಿಂಗಳ ಫಿಟ್ಸ್ ಮಾತ್ರೆ, ಇವುಗಳಲ್ಲಿ ಒಂದನ್ನು ವಹಿಸಿಕೊಳ್ಳಿ." ಹೀಗೆ ಹೇಳಿದರೆ ಮುನಿಸಿಕೊಳ್ಳುವವರು ಕಡಿಮೆ. ತುತ್ತು ಹಿಡಿದು ಫೋಟೋ ತೆಗೆಸಿಕೊಳ್ಳುವುದಕ್ಕೂ ನೀವೇ ಬೇಡ ಎನ್ನಬೇಕು. ತಾನು ತಿನ್ನುವಾಗ ಜೊಲ್ಲು ಸುರಿಯುವ ಚಿತ್ರ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ಬಯಸುವವರು ಯಾರೂ ಇಲ್ಲ. ಬೇಡ ಎನ್ನಲು ಬಾಯಿಲ್ಲದವರ ಪರವಾಗಿ ಕಮಿಟಿಯ ಅಧ್ಯಕ್ಷರಿಗೂ ಹೇಳಬೇಕಾಗಿ ಬರಬಹುದು.

ರಮಝಾನ್‌ನ ಇನ್ನೊಂದು ಮಾತು. ವಿವೇಚನಾ ಶಕ್ತಿಯಿಲ್ಲದವರ ಮೇಲೆ ಉಪವಾಸ ಕಡ್ಡಾಯವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಅಡುಗೆಮನೆಯ ವೇಳಾಪಟ್ಟಿ ಸಹರಿ ಇಫ್ತಾರ್‌ಗೆ ತಿರುಗಿದಾಗ ನಿವಾಸಿಗಳ ಮಧ್ಯಾಹ್ನದ ಊಟ ತಡವಾಗುತ್ತದೆ, ನೀರು ಕುಡಿಸುವುದು ಮರೆತುಹೋಗುತ್ತದೆ. ಕರಾವಳಿಯ ಸೆಖೆಯಲ್ಲಿ ಇದು ಸಣ್ಣ ವಿಷಯವಲ್ಲ. ಆ ತಿಂಗಳು ಮಧ್ಯಾಹ್ನದ ಊಟ, ನೀರು ಯಾರ ಜವಾಬ್ದಾರಿ ಎಂದು ಹೆಸರು ಬರೆದಿಡಿ. ಉಪವಾಸವಿದ್ದವರನ್ನೇ ರಾತ್ರಿ ಪಾಳಿಗೂ ಹಾಕಬೇಡಿ.

ಫಿಟ್ಸ್ ಮತ್ತು ಔಷಧದ ಪೆಟ್ಟಿಗೆ

ಇಂಥ ಕೇಂದ್ರಗಳ ಅನೇಕ ನಿವಾಸಿಗಳಿಗೆ ಅಪಸ್ಮಾರವಿರುತ್ತದೆ. ಫಿಟ್ಸ್ ಬಂದಾಗ ಗಡಿಯಾರ ನೋಡುವುದು ಮೊದಲ ಚಿಕಿತ್ಸೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ 108. ಅಲ್ಲಿಯ ತನಕ ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಚಮಚದಿಂದ ಹಲ್ಲು ಮುರಿಯುತ್ತದೆ.

ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು. ಸ್ಟಾಕ್ ಮುಗಿದ ಮೇಲೆ ತರಲು ಹೋಗುವ ಪದ್ಧತಿ ಬಿಡಿ, ಎರಡು ವಾರದ ಮಾತ್ರೆ ಯಾವಾಗಲೂ ಮಿಗುತಾಯವಿರಲಿ. ಫೆನೋಬಾರ್ಬಿಟೋನ್‌ನಂಥವನ್ನು ಏಕಾಏಕಿ ನಿಲ್ಲಿಸಿದರೆ ಬಿಡದೆ ಒಂದರ ಮೇಲೊಂದು ಫಿಟ್ಸ್ ಬಂದು ಪ್ರಾಣಕ್ಕೆ ಎರವಾಗಬಹುದು. ಯುನಾನಿ, ಆಯುರ್ವೇದ ಅಥವಾ ಯಾವುದೇ ಬಾಬಾನ ತಾವೀಝ್ ಸಿಕ್ಕಿದೆಯೆಂದು ಈ ಮಾತ್ರೆ ನಿಲ್ಲಿಸಲು ಮನೆಯವರು ಒತ್ತಾಯಿಸಿದರೆ ನರರೋಗ ವೈದ್ಯರ ಬಳಿ ಕಳಿಸಿ. ನಾನು ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಫೆನಿಟಾಯಿನ್ ತಿನ್ನುವವರ ಒಸಡು ಊದಿ ಹಲ್ಲು ಮುಚ್ಚುವುದುಂಟು, ಅಂಥವರ ಹಲ್ಲುಜ್ಜುವುದಕ್ಕೆ ಹೆಚ್ಚು ಸಮಯ ಕೊಡಿ. ವರ್ಷಗಟ್ಟಲೆ ಇಂಥ ಮಾತ್ರೆ ತಿಂದು ಬಿಸಿಲು ಕಾಣದೆ ಒಳಗೇ ಇದ್ದರೆ ಮೂಳೆ ಸವೆಯುತ್ತದೆ. ಬೆಳಗಿನ ಹೊತ್ತು ಅಂಗಳದ ಬಿಸಿಲು ಔಷಧವೇ.

ಯಾವ ಮಾತ್ರೆ, ಎಷ್ಟು ಗಂಟೆಗೆ, ಯಾರು ಕೊಟ್ಟರು ಎಂದು ಸಹಿ ಇರಬೇಕು. ನಿದ್ದೆಯ ಮಾತ್ರೆ, ಶಾಂತಗೊಳಿಸುವ ಮಾತ್ರೆ ಯಾರು ಬರೆದದ್ದು, ಎಷ್ಟು ವರ್ಷದಿಂದ ನಡೆಯುತ್ತಿದೆ ಎಂದು ಆರು ತಿಂಗಳಿಗೊಮ್ಮೆ ವೈದ್ಯರನ್ನು ಕೇಳಿ. ರಾತ್ರಿ ಸಿಬ್ಬಂದಿ ಸಾಲದು ಎಂಬ ಕಾಯಿಲೆಗೆ ನಿವಾಸಿಗೆ ಮಾತ್ರೆ ನುಂಗಿಸುವ ರೂಢಿ ಕೆಲವೆಡೆ ಇದೆ.

ಶುಚಿತ್ವ ಮತ್ತು ಮಾನ

ಶುಚಿತ್ವದ ಬಗ್ಗೆ ಈ ಪುಟದಲ್ಲಿ ಬಹಳ ಬಂದಿದೆ, ನಾನು ಉದ್ದ ಮಾಡುವುದಿಲ್ಲ. ಆದರೆ ವಸತಿಗೃಹದಲ್ಲಿ ಕೆಲವು ಸಂಗತಿ ಬೇರೆ. ಕಜ್ಜಿ ಒಬ್ಬರಿಗೆ ಬಂದರೆ ಒಬ್ಬರಿಗೆ ಮದ್ದು ಹಚ್ಚಿ ಪ್ರಯೋಜನವಿಲ್ಲ. ಎಲ್ಲ ನಿವಾಸಿಗಳು, ಎಲ್ಲ ಸಿಬ್ಬಂದಿ, ಒಂದೇ ದಿನ. ವೈದ್ಯರು ಬರೆದ 5 ಶೇಕಡಾ ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನ ತನಕ, ಬೆರಳ ಸಂದು, ಉಗುರಿನ ಅಡಿ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ. ವಾರ ಬಿಟ್ಟು ಇನ್ನೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಇಬ್ಬರು ಸಿಬ್ಬಂದಿ ನಮಗಿಲ್ಲ ಎಂದು ತಪ್ಪಿಸಿಕೊಂಡರೆ ತಿಂಗಳೊಳಗೆ ಮತ್ತೆ ಎಲ್ಲರಿಗೂ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಸೊಂಟದ ಕೆಳಗೆ, ಹಿಮ್ಮಡಿ, ಪೃಷ್ಠದ ಮೂಳೆಗಳ ಮೇಲೆ ಚರ್ಮ ಕೆಂಪಾಗಿ, ಒತ್ತಿದರೂ ಬಿಳುಪಾಗದಿದ್ದರೆ ಹುಣ್ಣು ಆರಂಭವಾಗಿದೆಯೆಂದೇ ತಿಳಿಯಿರಿ. ಆ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು ನಮ್ಮಲ್ಲಿ ಸಾಮಾನ್ಯ. ತಿಕ್ಕಬೇಡಿ, ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಭಾರ ತಪ್ಪಿಸಿ, ಒಣಗಿಸಿ, ವೈದ್ಯರಿಗೆ ತೋರಿಸಿ. ಸ್ನಾನದ ಬಕೆಟ್‌ಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ, ಸುರಿಯುವ ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ನೀರು ಕಾಯಿಸುವ ಕರೆಂಟ್ ರಾಡ್ ಇಂಥ ಮನೆಯೊಳಗೆ ಇರಲೇಬಾರದು.

ಸ್ನಾನ, ಶೌಚ, ಬಟ್ಟೆ ಬದಲಿಸುವುದು ಬಾಗಿಲು ಮುಚ್ಚಿ ಆಗಬೇಕು, ಸ್ತ್ರೀಯರಿಗೆ ಸ್ತ್ರೀಯರೇ ಮಾಡಿಸಬೇಕು. ಸಾಲಾಗಿ ನಿಲ್ಲಿಸಿ ಪೈಪಿನಲ್ಲಿ ನೀರು ಹೊಡೆಯುವುದು ಸಮಯ ಉಳಿಸುತ್ತದೆ ನಿಜ, ದನ ತೊಳೆಯುವುದೂ ಹಾಗೆಯೇ. ಮುಟ್ಟಿನ ಕಿರಿಕಿರಿ ತಪ್ಪಿಸಲು ಗರ್ಭಕೋಶ ತೆಗೆಸಿಬಿಡಿ ಎಂದು ಕೆಲವು ಪಾಲಕರಿಗೆ ಸಲಹೆ ಕೊಡುವವರಿದ್ದಾರೆ. ಸಂತಾನಹೀನತೆಗೆ ದಾರಿಯಾಗುವ ಯಾವುದೇ ಚಿಕಿತ್ಸೆಯನ್ನು ವಿಕಲಚೇತನರ ಮುಕ್ತ ಮತ್ತು ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಪ್ಯಾಡ್ ಬದಲಿಸುವುದನ್ನು ನಿಧಾನವಾಗಿ, ಚಿತ್ರ ತೋರಿಸಿ, ತಿಂಗಳುಗಟ್ಟಲೆ ಕಲಿಸಿದರೆ ಬಹಳಷ್ಟು ಹೆಣ್ಣುಮಕ್ಕಳು ಕಲಿಯುತ್ತಾರೆ.

ಬೀಗ, ಸರಪಳಿ, ರಾತ್ರಿ ಪಾಳಿ

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ಮಾನಸಿಕ ಅಸ್ವಸ್ಥರನ್ನು ಕರೆತರುವ ರೂಢಿ ಬಹುಕಾಲದ್ದು. ಹಾಗೆ ಬಂದವರನ್ನು ಇರಿಸಿಕೊಳ್ಳಲು ಸುತ್ತಮುತ್ತ ಖಾಸಗಿ ವಸತಿಗಳು ಹುಟ್ಟಿಕೊಂಡವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಹುಲ್ಲಿನ ಮಾಡಿನ ವಸತಿಗೆ ಬೆಂಕಿ ಬಿತ್ತು. ಒಳಗಿದ್ದವರಲ್ಲಿ ಹೆಚ್ಚಿನವರನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು, ಓಡಲು ಆಗಲಿಲ್ಲ. 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಕಟ್ಟಿದವರನ್ನು ಕೇಳಿದ್ದರೆ, ಓಡಿಹೋಗಬಾರದಲ್ಲ, ಅವರ ಸುರಕ್ಷತೆಗೇ ಎನ್ನುತ್ತಿದ್ದರು. ಇಂದಿಗೂ ಎಷ್ಟೋ ಮನೆಗಳಲ್ಲಿ, ಕೆಲವು ವಸತಿಗೃಹಗಳಲ್ಲಿ ನೀವು ಕೇಳುವ ಮಾತು ಅದೇ.

ಮಾನಸಿಕ ಅಸ್ವಸ್ಥರನ್ನು ಯಾವುದೇ ರೂಪದಲ್ಲಿ ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಷೇಧಿಸಿದೆ. ವಿಕಲಚೇತನರಿಗಾಗಿ ಸಂಸ್ಥೆ ನಡೆಸುವವರು 2016ರ ಕಾಯ್ದೆಯಡಿ ನೋಂದಣಿ ಪ್ರಮಾಣಪತ್ರ ಪಡೆದಿರಬೇಕು. ಅದೇ ಕಾಯ್ದೆಯ 92ನೇ ಕಲಮಿನಂತೆ ವಿಕಲಚೇತನರನ್ನು ಜನರೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು, ಹಲ್ಲೆ ಮಾಡುವುದು, ತಮ್ಮ ವಶದಲ್ಲಿರುವವರಿಗೆ ಗೊತ್ತಿದ್ದೂ ಅನ್ನ ನೀರು ಕೊಡದಿರುವುದು, ಲೈಂಗಿಕವಾಗಿ ದುರ್ಬಳಕೆ ಮಾಡುವುದು 6 ತಿಂಗಳಿಂದ 5 ವರ್ಷದ ತನಕ ಜೈಲು ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. "ಅವನು ಹಠ ಮಾಡಿದ, ರಾತ್ರಿ ಊಟ ಕೊಡಲಿಲ್ಲ" ಎಂದು ಆಯಾ ಸಹಜವಾಗಿ ಹೇಳಿದರೆ ನೀವು ಅದನ್ನು ಸಹಜವಾಗಿ ಕೇಳಿಸಿಕೊಳ್ಳುವಂತಿಲ್ಲ.

ಹೊಡೆಯುವ ಆಯಾ ಕೆಟ್ಟವಳೇ ಆಗಿರಬೇಕೆಂದಿಲ್ಲ. ಹದಿನೆಂಟು ಮಂದಿಯನ್ನು ಒಬ್ಬಳೇ ರಾತ್ರಿಯಿಡೀ ನೋಡಿ, ಬೆಳಿಗ್ಗೆ ಬದಲಿ ಬಾರದೆ ಮತ್ತೆ ಹನ್ನೆರಡು ಗಂಟೆ ನಿಂತವಳ ಕೈ ಎದ್ದೀತು. ಮ್ಯಾನೇಜರ್ ಆದವರು ಇದನ್ನು ಕ್ಷಮಿಸಬೇಕಿಲ್ಲ, ಇದು ಆಗದಂತೆ ಪಾಳಿ ಹಾಕಬೇಕು. ರಾತ್ರಿ ಇಬ್ಬರಾದರೂ ಎಚ್ಚರವಿರಬೇಕು. ಒಬ್ಬರು ಶೌಚಾಲಯಕ್ಕೆ ಕರೆದೊಯ್ದಾಗ ಉಳಿದವರ ಬಳಿ ಇನ್ನೊಬ್ಬರು ಬೇಕಲ್ಲ. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಹೇಳಿಕೊಳ್ಳಬೇಕು: ಇವರು ಉಂಡಿಲ್ಲ, ಇವರಿಗೆ ಮೈ ಬೆಚ್ಚಗಿದೆ, ಇವರ ತೋಳಲ್ಲಿ ಹೊಸ ಕಲೆ ಇದೆ. ಗಾಯ, ಬಾವು, ಬಿದ್ದದ್ದು ಎಲ್ಲಕ್ಕೂ ಅಂದೇ ದಾಖಲೆ, ಅಂದೇ ಮನೆಯವರಿಗೆ ಫೋನ್. ಗಾಯವಾದರೆ ಮೊದಲು ಕಾರಣ ಕೇಳಿ, ಆಮೇಲೆ ಬೈಯಿರಿ. ಬೈಗುಳ ಮೊದಲಾದರೆ ಮುಂದಿನ ಗಾಯ ನಿಮ್ಮ ತನಕ ಬರುವುದಿಲ್ಲ.

ಕಮಿಟಿಯವರಿಗೂ ಒಂದು ಮಾತು ಹೇಳಬೇಕಿದೆ. ಕಟ್ಟಡಕ್ಕೆ ಟೈಲ್ಸ್ ಹಾಕಲು ಹಣ ಸಿಗುತ್ತದೆ, ಎರಡನೇ ರಾತ್ರಿ ಆಯಾಳ ಸಂಬಳಕ್ಕೆ ಸಿಗುವುದಿಲ್ಲ. ಟೈಲ್ಸ್ ಮೇಲೆ ದಾನಿಯ ಹೆಸರು ಕೆತ್ತಬಹುದು ಎಂಬುದು ಕಾರಣವಿರಬಹುದು. ಮ್ಯಾನೇಜರ್‌ಗೆ ವಾರಕ್ಕೊಂದು ರಜೆ, ಆ ದಿನಕ್ಕೆ ಬದಲಿ ವ್ಯಕ್ತಿ, ತರಬೇತಿಗೆ ಹೋಗಲು ಖರ್ಚು ಕೊಡಿ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯ ಆರೈಕೆ ತರಬೇತಿಗಳಿವೆ. ಇಪ್ಪತ್ತನಾಲ್ಕು ಗಂಟೆ ಕೇಂದ್ರದಲ್ಲೇ ಇರುವ ಮ್ಯಾನೇಜರ್ ಎಂದು ಹೆಮ್ಮೆಪಡುವ ಟ್ರಸ್ಟ್‌ಗಳಲ್ಲಿ ಆರು ತಿಂಗಳಿಗೊಬ್ಬ ಮ್ಯಾನೇಜರ್ ಬದಲಾಗುವುದನ್ನು ನಾನು ಕಂಡಿದ್ದೇನೆ.

ಕಾಗದಪತ್ರಗಳಲ್ಲಿ ಮೂರು ಮರೆಯಬಾರದು. ಪ್ರತಿಯೊಬ್ಬರಿಗೂ ಯುಡಿಐಡಿ ಕಾರ್ಡ್. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ, ಇದರಲ್ಲಿ 1 ಲಕ್ಷ ರೂಪಾಯಿ ತನಕ ಚಿಕಿತ್ಸಾ ವೆಚ್ಚ ಸಿಗುತ್ತದೆ. ಇದೇ ನಾಲ್ಕು ವಿಧದವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿ. ತಾಯಿ ತಂದೆ ಬದುಕಿರುವಾಗಲೇ ಇದನ್ನು ಮಾಡಿಸಲು ಹೇಳಿ.

ಆರರಲ್ಲಿ ಒಂದು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ಉಳಿಯಿತು. ದಿನವಿಡೀ ಟಿವಿ ಮುಂದೆ ಕೂರಿಸಿದರೆ ಚಲನೆಯೂ ಇಲ್ಲ ವಿಶ್ರಾಂತಿಯೂ ಇಲ್ಲ. ಎರಡು ಅಂಗಿ ಎತ್ತಿ ಹಿಡಿದು ಯಾವುದು ಎಂದು ಕೇಳಿ. ಕಣ್ಣು ಒಂದರ ಮೇಲೆ ನಿಲ್ಲುತ್ತದೆ, ಅದೇ ಉತ್ತರ. ತೊಗರಿ ಆರಿಸುವುದು, ಗಿಡಕ್ಕೆ ನೀರು ಹಾಕುವುದು, ಬಟ್ಟೆ ಮಡಚುವುದು, ನಿಧಾನವಾದರೂ ಅವರೇ ಮಾಡಲಿ. ನಾನು ಹೋಗುವ ಕೇಂದ್ರದಲ್ಲಿ ಡೌನ್ ಸಿಂಡ್ರೋಮ್ ಇರುವ ಒಬ್ಬ ಮಹಿಳೆ ಪ್ರತಿದಿನ ಎಲ್ಲರ ತಟ್ಟೆ ಜೋಡಿಸುತ್ತಾರೆ. ಒಂದು ದಿನ ಎರಡು ತಟ್ಟೆ ತಪ್ಪಿದರು, ಮರುವಾರ ಐದು. ಮ್ಯಾನೇಜರ್ ಅದನ್ನು ಬರೆದಿಟ್ಟುಕೊಂಡಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕುಸಿದಿತ್ತು. ಡೌನ್ ಸಿಂಡ್ರೋಮ್‌ನಲ್ಲಿ ಅದು ಸಾಮಾನ್ಯ, ಮಾತ್ರೆಯಿಂದ ಸರಿಹೋಯಿತು. ತಟ್ಟೆ ಜೋಡಿಸುವ ಕೆಲಸವನ್ನು ಅವರಿಗೆ ಕೊಟ್ಟಿರದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನು, ನಿಮ್ಮವರನ್ನು ಸೇರಿಸಲು ಜಾಗ ನೋಡುತ್ತಿರುವ ಪಾಲಕರೇ, ಮೊದಲ ಭೇಟಿಗೆ ಹೇಳಿ ಹೋಗಿ. ಎರಡನೆಯದಕ್ಕೆ ಹೇಳದೆ, ಮಗ್ರಿಬ್ ನಂತರ ಹೋಗಿ. ಆಫೀಸಿನಲ್ಲಿ ಕೂರಬೇಡಿ, ಶೌಚಾಲಯ ನೋಡಿ, ಅಡುಗೆಮನೆಯ ಗೋಡೆ ನೋಡಿ. ಆ ರಾತ್ರಿ ಯಾರು ಎಚ್ಚರವಿರುತ್ತಾರೆ ಎಂದು ಹೆಸರು ಕೇಳಿ. ಬೆಂಕಿ ಬಿದ್ದರೆ ಮಲಗುವ ಕೋಣೆಯ ಬಾಗಿಲು ಒಳಗಿನಿಂದ ತೆರೆಯುತ್ತದೆಯೇ, ಕೀಲಿ ಯಾರ ಬಳಿ ಇದೆ ಎಂದು ಕೇಳಿ. ಮ್ಯಾನೇಜರ್ ಜೊತೆ ನಡೆಯುವಾಗ ಯಾವನಾದರೂ ಒಬ್ಬ ನಿವಾಸಿಯನ್ನು ತೋರಿಸಿ, ಇವರಿಗೆ ಏನು ಇಷ್ಟ ಎಂದು ಕೇಳಿ ನೋಡಿ. ಉತ್ತರ ತಡವರಿಸದೆ ಬಂದರೆ ಉಳಿದ ಮಾತು ಮುಂದುವರಿಸಬಹುದು.